ಚಾಳೀಸು

ನಲವತ್ತರ ಆಸುಪಾಸಿನಲ್ಲಿ ಕಣ್ಣಿಗೆ ಬರುವ ತೊಂದರೆಯನ್ನು ನಮ್ಮ ಹಿರಿಯರು ಚಾಳೀಸು ಎನ್ನುತ್ತಿದ್ದರು. ನನಗೆ ಐವತ್ತು ದಾಟಿದರೂ ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತದೆ, ಸಮೀಪಬಿಂದು 25 ಸೆಂಟಿಮೀಟರಿನಿಂದ ಆಚೆಗೆ ಸರಿಯುತ್ತದೆ, ಪೀನ ಮಸೂರದ ಕನ್ನಡಕ ಬೇಕಾಗುತ್ತದೆ ಎಂದು ಪ್ರತಿವರ್ಷ ಪಾಠ ಮಾಡುವವನು ನಾನೇ. ಆದರೆ ಕಿಟಕಿಯಿಂದ ಮಧುಗಿರಿ ಏಕಶಿಲಾ ಬೆಟ್ಟದ ಕೋಟೆಗೋಡೆ ನಿಚ್ಚಳವಾಗಿ ಕಾಣುತ್ತಿತ್ತಲ್ಲ, ನನ್ನ ಕಣ್ಣಿಗೇನಾಗಿದೆ ಎಂದುಕೊಂಡಿದ್ದೆ. ದೂರದ್ದು ಕಾಣುತ್ತದೆ, ಹತ್ತಿರದ್ದೇ ಮಸುಕು ಎಂಬುದನ್ನೂ ಬೋರ್ಡಿನ ಮೇಲೆ ನಾನೇ ಬರೆದಿದ್ದೆ!

ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚಿದ ದಿನ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು, "ಸಾರ್, ನಾನು 8 ಅಂತಲೇ ಬರ್ದಿದೀನಿ. ನೀವು 3 ಅಂದ್ಕೊಂಡು ತಪ್ಪು ಹಾಕಿದೀರಿ" ಎಂದಳು. ಕೈ ಚಾಚಿ ಹಿಡಿದು ನೋಡಿದೆ. ಎಂಟೇ. ಎಲ್ಲರೆದುರು ತಪ್ಪೊಪ್ಪಿಕೊಂಡು ಅಂಕ ತಿದ್ದಿದೆ. ಉಳಿದ ಪತ್ರಿಕೆಗಳನ್ನೂ ವಾಪಸು ಪಡೆದೆ.

ಹೀಗೆ ಕೈ ಚಾಚಿ ಓದುತ್ತಿದ್ದವರು ನಮ್ಮಪ್ಪ. ಪೇಪರ್ ಓದಿ ಹೇಳೋ ಎಂದು ಕರೆದರೆ, ಆಟದ ಹೊತ್ತು ಹಾಳಾಯಿತೆಂದು ಗೊಣಗುತ್ತ ಎರಡೆರಡು ಸಾಲು ಬಿಟ್ಟು ಓದುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ಏನೂ ಅನ್ನುತ್ತಿರಲಿಲ್ಲ.

ಆ ಸಂಜೆಯೇ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಮಕ್ಕಳೇ, ಮನೆಯಲ್ಲಿ ಅಜ್ಜನೋ ಅಪ್ಪನೋ ಓದಿ ಹೇಳು ಎಂದರೆ ಸಾಲು ಬಿಡಬೇಡಿ.