ಅಕಿಲೀಸ್‌ನಿಂದ ಅಶ್ವತ್ಥಾಮನ ತನಕ

ಎಲೆಕ್ಟ್ರಾನಿಕ್ ಸಿಟಿಯ ಪಿಜಿಯೊಂದರಲ್ಲಿ ನಮ್ಮದು ಮೂರು ಮಂಚದ ರೂಮು. ಮೂರನೇ ಸೆಮಿಸ್ಟರ್ ರಿಸಲ್ಟ್ ಬರೋಕೆ ಸ್ವಲ್ಪ ಮುಂಚೆ ಚರ್ಚ್ ಸ್ಟ್ರೀಟ್‌ಗೆ ಹೋಗಿ ಒಂದು ಹಳೇ ಪುಸ್ತಕ ತಂದ್ವಿ. ಮ್ಯಾಡ್ಲಿನ್ ಮಿಲ್ಲರ್ 2011ರಲ್ಲಿ ಬರೆದ ಕಾದಂಬರಿ, 'ದಿ ಸಾಂಗ್ ಆಫ್ ಅಕಿಲೀಸ್'. ಮೂವರಿಗೂ ಒಂದೇ ಪ್ರತಿ. ಒಬ್ಬರು ಮಲಗಿದ ಮೇಲೆ ಇನ್ನೊಬ್ಬರ ಸರದಿ. ಬಿಎಂಟಿಸಿ ಟಿಕೆಟ್ಟೇ ಬುಕ್‌ಮಾರ್ಕು.

ಅದು ಟ್ರಾಯ್ ಯುದ್ಧದ ಕತೆ. ಆದ್ರೆ ಹೇಳೋನು ಮಹಾವೀರ ಅಕಿಲೀಸ್ ಅಲ್ಲ, ಅವನ ಜೊತೆಗಾರ ಪಟ್ರೋಕ್ಲಸ್. ಗಡೀಪಾರಾದ ರಾಜಕುಮಾರ. ಕತ್ತಿ ಹಿಡಿಯೋದ್ರಲ್ಲಿ ಅಷ್ಟಕ್ಕಷ್ಟೆ, ಗಾಯಾಳುಗಳ ಆರೈಕೆಯಲ್ಲಿ ಜಾಣ. ಹೋಮರ್‌ನ 'ಇಲಿಯಡ್'ನಲ್ಲಿ ಇವರಿಬ್ಬರೂ ಪ್ರಾಣಸ್ನೇಹಿತರು. ಮಿಲ್ಲರ್ ಇವರನ್ನು ಪ್ರೇಮಿಗಳಾಗಿ ನೋಡ್ತಾರೆ. ಆಗಮೆಮ್ನನ್ ಎಲ್ಲರ ಮುಂದೆ ಅವಮಾನ ಮಾಡಿದ ಅಂತ ಅಕಿಲೀಸ್ ಯುದ್ಧ ಬಿಟ್ಟು ಕೂರ್ತಾನೆ. ತನ್ನವರೇ ಸಾಯ್ತಿದ್ರೂ ಏಳಲ್ಲ. ಕೊನೆಗೆ ಪಟ್ರೋಕ್ಲಸ್ ಅವನ ಕವಚ ತೊಟ್ಟು ಹೋಗಿ ಹೆಕ್ಟರ್ ಕೈಯಲ್ಲಿ ಸಾಯ್ತಾನೆ. ಒಂದು ಮರ್ಯಾದೆಯ ಪ್ರಶ್ನೆಗೆ ಎಷ್ಟು ಹೆಣ ಅಂತ ನಮಗೆ ಸಿಟ್ಟು ಬಂತು.

ಮುಂದಿನ ಕತೆ ಹುಡುಕಿದ್ವಿ. ಅಕಿಲೀಸ್ ಸತ್ತ ಮೇಲೆ ಅವನ ಕವಚ ಯಾರಿಗೆ ಅನ್ನೋ ಪೈಪೋಟಿಯಲ್ಲಿ ಅದು ಒಡಿಸ್ಸಿಯಸ್ ಪಾಲಾಗುತ್ತೆ. ತನಗೇ ಸಿಗಬೇಕಿತ್ತು ಅಂದ್ಕೊಂಡಿದ್ದ ಅಜಾಕ್ಸ್‌ಗೆ ಹುಚ್ಚು ಹಿಡಿಯುತ್ತೆ. ಶತ್ರುಗಳು ಅಂದ್ಕೊಂಡು ರಾತ್ರಿ ದನ ಕುರಿಗಳನ್ನು ಕಡಿದು ಹಾಕ್ತಾನೆ. ಬೆಳಗ್ಗೆ ಬುದ್ಧಿ ತಿಳಿದಾಗ ಉಳಿಯೋದು ನಾಚಿಕೆ ಮಾತ್ರ. ಇದನ್ನೇ ಸೊಫೋಕ್ಲೀಸ್ ನಾಟಕ ಮಾಡಿದ್ದಾನೆ.

ಈ ವಿಷಯ ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರಿಗೆ ಹೇಳಿದ್ವಿ. ಅವರು ನಕ್ಕು, "ಇದು ಕನ್ನಡದಲ್ಲಿ ಯಾವತ್ತೋ ಬಂದಿದೆ, ಬಿಎಂಶ್ರೀ ಅವರ 'ಅಶ್ವತ್ಥಾಮನ್' ಓದಿ" ಅಂದ್ರು. ಒಂದು ಕ್ರೆಡಿಟ್‌ನ ಸಾಂಸ್ಕೃತಿಕ ಕನ್ನಡ ಪಾಸಾಗಿದ್ದ ನಮಗೆ ಬಿಎಂಶ್ರೀ ಅಂದ್ರೆ ಬರೀ ಒಂದು ಹೆಸರು. ಅವರು ಇಂಗ್ಲಿಷ್ ಮೇಷ್ಟ್ರು ಅಂತಲೂ ಗೊತ್ತಿರ್ಲಿಲ್ಲ. 1929ರಲ್ಲಿ ಅವರು ಅಜಾಕ್ಸ್‌ನ ಕತೆಯನ್ನು ಅಶ್ವತ್ಥಾಮನ ಮೈಮೇಲೆ ಹೊದಿಸಿದ್ರು. ಅವನೂ ರಾತ್ರಿ ಮಲಗಿದ್ದವರನ್ನು ಕೊಂದವನೇ ಅಲ್ವಾ? ಜೋಡಿ ಎಷ್ಟು ಸರಿಯಾಗಿ ಕೂರುತ್ತೆ ಅಂತ ಬೆರಗಾದ್ವಿ.

ಓದೋದು ಮಾತ್ರ ಕಷ್ಟ ಆಯ್ತು. ಇಂಗ್ಲಿಷ್ ಕಾದಂಬರಿಯ ಐವತ್ತು ಪುಟ ಓದೋ ಹೊತ್ತಿಗೆ ಇದರಲ್ಲಿ ನಾಲ್ಕು ಪುಟ. ಒಬ್ಬರು ಜೋರಾಗಿ ಓದೋದು, ಒಬ್ಬರು ನಿಘಂಟು ನೋಡೋದು, ಇನ್ನೊಬ್ಬರು ಅರ್ಥ ಕಟ್ಟೋದು. ಬಾಯಲ್ಲಿ ಓದಿದಾಗ ಮಾತ್ರ ಅದು ಬಿಡಿಸ್ಕೊಳ್ತಿತ್ತು.

ಕೊನೆಯಲ್ಲಿ ಅಶ್ವತ್ಥಾಮ ಸಾಯ್ತಾನೆ. ಇಲ್ಲಿ ನಮ್ಮಲ್ಲಿ ಜಗಳ ಶುರುವಾಯ್ತು. ಅವನು ಚಿರಂಜೀವಿ! ಮಹಾಭಾರತದಲ್ಲಿ ಅವನಿಗೆ ಸಿಗೋ ಶಾಪ ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯೋದು. ಬಿಎಂಶ್ರೀ ಹೀಗೆ ಬದಲಾಯಿಸಬಹುದಾ? ಮಿಲ್ಲರ್ ಬದಲಾಯಿಸಬಹುದಾದ್ರೆ ಇವರು ಯಾಕೆ ಬಾರದು? ರಾತ್ರಿ ಒಂದು ಗಂಟೆವರೆಗೂ ಇದೇ ವಾದ.

ಆಮೇಲೆ ಸೊಫೋಕ್ಲೀಸ್‌ನ ಒಂದು ದೃಶ್ಯದ ಮಾತು ಬಂತು. ಅಜಾಕ್ಸ್ ತನ್ನವರ ಮುಂದೆ ಮನಸ್ಸು ಬದಲಾದವನ ಹಾಗೆ ಮಾತಾಡ್ತಾನೆ. ಕಡಲ ದಂಡೆಗೆ ಹೋಗಿ ಮೈ ತೊಳೆದು, ಕತ್ತಿಯನ್ನು ಹೂತಿಡ್ತೀನಿ ಅಂತಾನೆ. ಎಲ್ಲರೂ ನಂಬಿ ಸಂತೋಷಪಡ್ತಾರೆ. ಅವನು ಒಬ್ಬನೇ ಹೋಗ್ತಾನೆ, ವಾಪಸ್ ಬರಲ್ಲ.

ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ಯಾಕಂದ್ರೆ ಆ ವಾರವೇ ರಿಸಲ್ಟ್ ಬಂದು, ನಮ್ಮಲ್ಲೊಬ್ಬರಿಗೆ ಎರಡು ಬ್ಯಾಕ್‌ಲಾಗ್ ಆಗಿತ್ತು. ಮನೆಗೆ "ಎಲ್ಲಾ ಕ್ಲಿಯರ್" ಅಂತ ಹೇಳಿ ಆಗಿತ್ತು. ರೂಮಲ್ಲೂ ಯಾರಿಗೂ ಹೇಳಿರ್ಲಿಲ್ಲ. ಯಾರು ಅಂತ ಇಲ್ಲಿ ಬರೆಯಲ್ಲ. ಅದಕ್ಕೇ ಈ ಲೇಖನದಲ್ಲಿ ಪೂರ್ತಿ 'ನಾವು'. ಆ ರಾತ್ರಿ ಕತ್ತಲಲ್ಲಿ ಮಲಗಿದ ಮೇಲೆ, "ನಂದೂ ಸುಳ್ಳು" ಅನ್ನೋ ಮಾತು ಒಂದು ಮಂಚದಿಂದ ಬಂತು.

ಮರುದಿನ ಸಂಜೆ ಮೂವರೂ ಟೆರೇಸಿಗೆ ಹೋದ್ವಿ. ಒಬ್ಬರು ಫೋನ್ ಮಾಡಿದ್ರು, ಇಬ್ಬರು ಟ್ಯಾಂಕ್ ಪಕ್ಕ ನಿಂತ್ವಿ. ಆ ಕಡೆ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಪರೀಕ್ಷೆ ಫೀಸ್ ಕಟ್ಟೋಕೆ ಕೊನೇ ದಿನ ಯಾವಾಗ ಅಂತ ಕೇಳಿದ್ರು. ಅಷ್ಟೇ. ಸುಳ್ಳು ಹೇಳಿದ್ದಕ್ಕೆ ಬೈಗುಳ ಎರಡು ದಿನ ಬಿಟ್ಟು ಬಂತು, ಸರಿಯಾಗೇ ಬಂತು.

ಚಿರಂಜೀವಿಯನ್ನು ಸಾಯಿಸಬಹುದಾ ಅನ್ನೋ ವಾದ ಇನ್ನೂ ಮುಗಿದಿಲ್ಲ. 'ಅಶ್ವತ್ಥಾಮನ್' ಲೈಬ್ರರಿಗೆ ವಾಪಸ್ ಕೊಟ್ಟಿದ್ದೀವಿ. ತಗೊಂಡು ಹೋಗಿ, ಆದ್ರೆ ಒಬ್ಬರೇ ಓದಬೇಡಿ. ಜೋರಾಗಿ ಓದೋಕೆ ಇಬ್ಬರನ್ನಾದ್ರೂ ಕೂರಿಸ್ಕೊಳ್ಳಿ.