ನೆಲೆಯನ್ನು ಕಾಯುವ ಹೊಣೆ

ಕ್ರೈಸ್ತಧರ್ಮವು ಮನುಷ್ಯನಿಗೆ ಪ್ರಾಣಿಗಳ ಮೇಲೆ ಒಡೆತನವನ್ನಿತ್ತಿತೆಂಬ ಆಕ್ಷೇಪವನ್ನು ನಮ್ಮವರಿಂದ ಆಗಾಗ ಕೇಳಿದ್ದೇನೆ. ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಆ ಮಾತುಂಟು. ಎರಡನೆಯ ಅಧ್ಯಾಯವು ತೋಟವನ್ನು ಕಾಯುವ ಹೊಣೆಯನ್ನೂ ಹೊರಿಸುತ್ತದೆ. 2015ರ ‘ಲೌದಾತೊ ಸಿ’ ಎಂಬ ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಇವೆರಡನ್ನೂ ಕೂಡಿಸಿ ಓದಿ, ಭೂಮಿಯು ದೇವರದು, ಮನುಷ್ಯನು ಅದರ ಪಾಲಕನೆಂದು ವಿವರಿಸಿದರು. ಬಸದಿಯ ಆಸ್ತಿಗೆ ಧರ್ಮದರ್ಶಿಗಳಿರುವಂತೆ.

ಸೃಷ್ಟಿಕರ್ತನನ್ನು ನಾವು ಒಪ್ಪುವುದಿಲ್ಲ. ಆದರೂ ಈ ಮಾತು ನಮಗೂ ಸಲ್ಲುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಅಲ್ಲುಳಿದ ಜೀವಿಗಳನ್ನು ಅದೇ ನೀರಿಗೆ ಮರಳಿ ಬಿಡಬೇಕೆಂಬುದು ಶ್ರಾವಕರ ಆಚಾರ. ಬೆಳಕವಾಡಿಯ ಸಮೀಪ, ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯನ್ನು ಕಂಡಾಗಲೆಲ್ಲ ನನಗೆನಿಸುತ್ತದೆ: ಮರಳಿ ಬಿಡುವ ನೀರೇ ಮಲಿನವಾದರೆ ಆ ಜೀವಿಗಳು ಬದುಕುವುದೆಲ್ಲಿ? ಮನೆಯ, ಬಸದಿಯ ಕೊಳೆನೀರು ಹೊಳೆಯನ್ನು ಸೇರದಂತೆ ನೋಡಿಕೊಳ್ಳುವುದೂ ಆ ಆಚಾರದ ಅಂಗವೇ ಸರಿ.