ಗೋಲ್ಕೊಂಡದ ಚಪ್ಪಾಳೆ

ಶಾಲಾ ಪ್ರವಾಸಕ್ಕೆಂದು ಹತ್ತನೇ ತರಗತಿಯ ಹೆಣ್ಮಕ್ಕಳನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದೆವು. ನಗರದ ವಾಹನಗಳ ನಡುವೆ ತೆವಳುತ್ತಾ ಗೋಲ್ಕೊಂಡ ತಲುಪುವಷ್ಟರಲ್ಲಿ ಹಾರ್ನ್‌ಗಳ ಸದ್ದಿಗೆ ಎಲ್ಲರಿಗೂ ತಲೆನೋವು.

1591ರಲ್ಲಿ ಹೈದರಾಬಾದ್ ನಗರ ಸ್ಥಾಪನೆಯಾಗುವ ಮೊದಲು ಗೋಲ್ಕೊಂಡವೇ ಕುತುಬ್‌ಶಾಹಿ ಸುಲ್ತಾನರ ರಾಜಧಾನಿಯಾಗಿತ್ತು. ಕೋಟೆಯ ಪ್ರವೇಶದ್ವಾರದ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದರೆ, ಸುಮಾರು 120 ಮೀಟರ್ ಎತ್ತರದ ಗುಡ್ಡದ ತುದಿಯಲ್ಲಿರುವ ಬಾಲಾ ಹಿಸ್ಸಾರ್ ಮಂಟಪದಲ್ಲಿ ಕೇಳಿಸುತ್ತದೆ. ಗುಮ್ಮಟದ ಒಳಮೈ ಸದ್ದನ್ನು ಚದುರಲು ಬಿಡದೆ ಒಟ್ಟುಗೂಡಿಸಿ ಕಳುಹಿಸುತ್ತದೆ. ಬಾಗಿಲಿಗೆ ಬಂದವರ ಸುದ್ದಿ ಹೀಗೆಯೇ ಮೇಲಿನ ಕಾವಲುಗಾರರಿಗೆ ತಲುಪುತ್ತಿತ್ತು ಎನ್ನುತ್ತಾರೆ.

ನಮ್ಮ ತಂಡದಲ್ಲೊಬ್ಬಳು ಮೆಲುದನಿಯ ಹುಡುಗಿ. ಅವಳನ್ನು ಕೆಳಗೆ ನಿಲ್ಲಿಸಿ ಉಳಿದವರೊಂದಿಗೆ ನಾನು ಏದುಸಿರು ಬಿಡುತ್ತಾ ಮೆಟ್ಟಿಲೇರಿದೆ. ಸ್ವಲ್ಪ ಹೊತ್ತಿನಲ್ಲಿ ಚಪ್ಪಾಳೆ ಕೇಳಿಸಿತು. ಅವಳು ಹೇಳಿಟ್ಟಂತೆ, ಸರಿಯಾಗಿ ಮೂರು ಬಾರಿ!

ಇಳಿದು ಬಂದಾಗ ಓಡಿ ಬಂದು ಕೇಳಿದಳು, “ಟೀಚರ್, ಕೇಳಿಸಿತಾ?”

“ಚೆನ್ನಾಗಿ ಕೇಳಿಸಿತು.”

“ಕ್ಲಾಸಿನಲ್ಲಿ ಮಾತ್ರ ನನ್ನದು ಕೇಳಿಸುವುದೇ ಇಲ್ಲ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮ ತರಗತಿಯ ಕಿಟಕಿಗಳು ಮುಖ್ಯರಸ್ತೆಗೇ ತೆರೆದುಕೊಂಡಿವೆ. ಅವಳು ಓದಲು ಎದ್ದಾಗಲೆಲ್ಲ “ಜೋರಾಗಿ ಓದು” ಎಂದು ಗದರಿಸಿದವಳು ನಾನೇ. ತಪ್ಪು ಅವಳ ದನಿಯದ್ದಲ್ಲ, ರಸ್ತೆಯದ್ದು ಎಂದು ನನಗೆ ಹೊಳೆದಿರಲಿಲ್ಲ.

ನಮ್ಮ ದೇಶದಲ್ಲಿ 2000ದಿಂದಲೇ ಶಬ್ದಮಾಲಿನ್ಯ ನಿಯಮಗಳಿವೆ. ಊರನ್ನು ಯೋಜಿಸುವಾಗ ಸದ್ದನ್ನೂ ಗಮನಿಸಬೇಕೆಂದು ಅವು ಸ್ಥಳೀಯ ಸಂಸ್ಥೆಗಳಿಗೆ ಹೇಳುತ್ತವೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಪ್ರದೇಶವನ್ನು ಸರಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಂತಹ ಕಡೆ ಹಗಲಿನ ಮಿತಿ 50 ಡೆಸಿಬಲ್, ರಾತ್ರಿಯದ್ದು 40. ಆದರೆ ನಾವು ಮನೆ ಕಟ್ಟುವಾಗಲೂ ಶಾಲೆ ಕಟ್ಟುವಾಗಲೂ ಗಾಳಿ, ಬೆಳಕು, ನೀರು ಎಂದು ವಿಚಾರಿಸುತ್ತೇವೆಯೇ ಹೊರತು ಸದ್ದಿನ ಬಗ್ಗೆ ಕೇಳುವುದಿಲ್ಲ. ಮಗು ಓದುವ, ಹಿರಿಯರು ಮಲಗುವ ಕೋಣೆ ಮನೆಯ ಯಾವ ಬದಿಗಿರಬೇಕೆಂದು ಎಷ್ಟು ಮಂದಿ ಯೋಚಿಸುತ್ತೇವೆ?

ಊರಿಗೆ ಮರಳಿದ ಮೇಲೆ ಮುಖ್ಯೋಪಾಧ್ಯಾಯಿನಿಯವರಲ್ಲಿ ಮಾತಾಡಿದೆ. ರಸ್ತೆ ಬದಿಯ ಕೋಣೆಗೆ ಕಚೇರಿ ಹೋಯಿತು, ಹಿತ್ತಿಲ ಬದಿಯ ಕಚೇರಿ ಕೋಣೆಗೆ ನಮ್ಮ ತರಗತಿ ಬಂತು. ನಿಶ್ಶಬ್ದ ವಲಯಕ್ಕಾಗಿ ಹೆತ್ತವರೆಲ್ಲ ಸಹಿ ಹಾಕಿದ ಅರ್ಜಿಯೂ ಹೋಗಿದೆ.

ಮೊದಲ ದಿನ ಆ ಹುಡುಗಿಯನ್ನೇ ಓದಲು ಎಬ್ಬಿಸಿದೆ. ಜೋರಾಗಿ ಓದು ಎಂದು ಹೇಳಬೇಕಾಗಿ ಬರಲಿಲ್ಲ.